ಮೈಯ ನಾಚಿಕೆ, ಮೈಯ ಹೆಮ್ಮೆ

ಕನ್ನಡದಲ್ಲಿ ‘ಮೈ’ ಎಂಬ ಪುಟ್ಟ ಮಾತು ಹೊತ್ತಿರುವಷ್ಟು ಭಾರವನ್ನು ಬೇರೆ ಮಾತುಗಳು ಹೊತ್ತಿರುವುದು ಅಪರೂಪ. ಹುಡುಗಿ ದೊಡ್ಡವಳಾದರೆ ಮೈನೆರೆದಳು ಎನ್ನುತ್ತೇವೆ. ಬಾಣಂತಿ ಚೇತರಿಸಿಕೊಂಡರೆ ಮೈಕೈ ತುಂಬಿಕೊಂಡಳು ಎನ್ನುತ್ತೇವೆ. ಜ್ವರದಿಂದ ಎದ್ದವನ ಮೈ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ಹೊಳೆಯೂ ಮೈದುಂಬುತ್ತದೆ. ಹಾಡು ಕೇಳಿ ಮೈಮರೆಯುತ್ತೇವೆ. ಕಲಿತ ವಿದ್ಯೆ ನಮಗೆ ಮೈಗೂಡುತ್ತದೆ. ಈ ನುಡಿಗಟ್ಟುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಇವುಗಳಲ್ಲಿ ಯಾವುದೂ ನಿಂತ ಮೈಯನ್ನು ಹೇಳುವುದಿಲ್ಲ. ನೆರೆಯುವ, ತುಂಬುವ, ಇಳಿಯುವ, ಮರೆಯುವ, ಕೂಡುವ ಮೈಯನ್ನೇ ಹೇಳುತ್ತವೆ. ಮೈಯೆಂದರೆ ಬದಲಾಗುವಂಥದು ಎಂಬ ಸತ್ಯವನ್ನು ನಮ್ಮ ಭಾಷೆ ಎಂದೋ ಒಪ್ಪಿಕೊಂಡಿದೆ. ಭಾಷೆ ಒಪ್ಪಿದ್ದನ್ನು ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕನ್ನಡಿಯ ಮುಂದೆ ಮೊದಲ ನರೆಗೂದಲನ್ನು ಕಂಡವರಿಗೆ, ಹೆರಿಗೆಯ ಅನಂತರ ಹಳೆಯ ರವಿಕೆ ತೊಡಲಾಗದೆ ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದವರಿಗೆ, ದನಿ ಒಡೆದ ವರ್ಷ ತರಗತಿಯಲ್ಲಿ ಪದ್ಯ ಓದಲು ಎದ್ದುನಿಲ್ಲಲಾರದೆ ಹೋದ ಹುಡುಗರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಈ ನಾಚಿಕೆಗೆ ಒಂದು ಚರಿತ್ರೆಯುಂಟೆ? ರಾಜರಿಗೆ, ಯುದ್ಧಗಳಿಗೆ, ದೇವಾಲಯಗಳಿಗೆ ಇರುವಂತೆ ಮೈಯ ನಾಚಿಕೆಗೆ ಶಾಸನಗಳಿಲ್ಲ. ಆದರೆ ಕಾವ್ಯದಲ್ಲಿ, ಐತಿಹ್ಯದಲ್ಲಿ, ರಂಗಭೂಮಿಯಲ್ಲಿ ಅದರ ಹೆಜ್ಜೆಗುರುತುಗಳು ಉಳಿದಿವೆ. ಅವುಗಳನ್ನು ಅರಸುತ್ತ ಹೊರಟರೆ ತುಮಕೂರು, ಕುಣಿಗಲ್ಲು, ಗುಬ್ಬಿ ಎಂಬ ಒಂದಕ್ಕೊಂದು ನೆರೆಯಾದ ಮೂರು ಊರುಗಳ ಸೀಮೆಯಲ್ಲಿಯೇ ಸಾಕಷ್ಟು ಸಿಕ್ಕುತ್ತವೆ ಎಂಬುದು ನನ್ನ ಇಂದಿನ ಮಾತಿನ ವಿಷಯ.

ತುಮಕೂರಿನ ಮಗ್ಗುಲಲ್ಲಿರುವ ಗೂಳೂರಿನಿಂದ ಆರಂಭಿಸೋಣ. ಇಂದು ಗೂಳೂರೆಂದರೆ ಜನಕ್ಕೆ ನೆನಪಾಗುವುದು ಅಲ್ಲಿಯ ದೊಡ್ಡ ಗಣಪತಿ. ಸಾಹಿತ್ಯಪ್ರಿಯರಿಗೆ ನೆನಪಾಗಬೇಕಾದ ಇನ್ನೊಂದು ಹೆಸರು ಗೂಳೂರ ಸಿದ್ಧವೀರಣ್ಣೊಡೆಯರದು. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದ ‘ಶೂನ್ಯಸಂಪಾದನೆ’ಯನ್ನು ಮೊದಲು ರಚಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅದನ್ನು ಹಲಗೆಯಾರ್ಯನು ತಿದ್ದಿದನು. ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಮತ್ತೆ ಪರಿಷ್ಕರಿಸಿದರು. ನಾಲ್ಕನೆಯದಾಗಿ ಅದಕ್ಕೆ ಇಂದು ಬಹುಜನ ಓದುವ ರೂಪವನ್ನು ಕೊಟ್ಟವರು ಗೂಳೂರ ಸಿದ್ಧವೀರಣ್ಣೊಡೆಯರು. 15ನೆಯ ಶತಮಾನದ ಕೊನೆ, 16ನೆಯ ಶತಮಾನದ ಆದಿಭಾಗದ ಕೆಲಸವದು. ಓಲೆಗರಿಗಳಲ್ಲಿ ಉಳಿದುಬಂದ ಈ ಕೃತಿಯನ್ನು ಫ.ಗು. ಹಳಕಟ್ಟಿಯವರು ಅಚ್ಚಿಗೆ ತಂದರು, ಅನಂತರ ಸಂ.ಶಿ. ಭೂಸನೂರಮಠರು ಸಂಪಾದಿಸಿಕೊಟ್ಟರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅಧ್ಯಾತ್ಮದ ಗ್ರಂಥವೆಂದೇ ಪ್ರಸಿದ್ಧವಾದ ಇದು ಮೈಯ ಬಗೆಗೆ ಕನ್ನಡದಲ್ಲಿ ನಡೆದ ಅತ್ಯಂತ ಗಂಭೀರವಾದ ಚರ್ಚೆಯನ್ನೂ ಒಳಗೊಂಡಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಆ ಚರ್ಚೆಗೆ ಎರಡು ತುದಿಗಳುಂಟು. ಒಂದು ತುದಿಯಲ್ಲಿ ಗೋರಕ್ಷನಿದ್ದಾನೆ. ಯೋಗಸಾಧನೆಯಿಂದ ತನ್ನ ಕಾಯವನ್ನು ವಜ್ರದಂತೆ ಗಟ್ಟಿಮಾಡಿಕೊಂಡವನು ಅವನು. ಮುಪ್ಪು ಬಾರದು, ಸಾವು ತಟ್ಟದು ಎಂಬುದು ಅವನ ಹೆಮ್ಮೆ. ಅಲ್ಲಮಪ್ರಭುವಿನ ಕೈಗೆ ಕತ್ತಿಯನ್ನು ಕೊಟ್ಟು ತನ್ನನ್ನು ಹೊಡೆಯೆಂದು ಸವಾಲು ಹಾಕುತ್ತಾನೆ. ಪ್ರಭು ಹೊಡೆದಾಗ ಗೋರಕ್ಷನಿಗೆ ಗಾಯವಾಗುವುದಿಲ್ಲ. ಆದರೆ ಲೋಹಕ್ಕೆ ಲೋಹ ತಾಗಿದಂತೆ ಸದ್ದು ಹುಟ್ಟುತ್ತದೆ. ಸದ್ದು ಹುಟ್ಟಿತೆಂದರೆ ಅಲ್ಲಿ ಇನ್ನೂ ಏನೋ ಇದೆ, ಹಿಡಿದುಕೊಂಡ ಏನೋ ಉಳಿದಿದೆ ಎಂದೇ ಅರ್ಥ. ಅನಂತರ ಅದೇ ಕತ್ತಿಯಿಂದ ಗೋರಕ್ಷನು ಪ್ರಭುವನ್ನು ಹೊಡೆಯುತ್ತಾನೆ; ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಪವಾಡದ ಭಾಗವನ್ನು ಪಕ್ಕಕ್ಕಿರಿಸಿ ನೋಡಿದರೂ ಈ ಕಥೆಯ ಮರ್ಮ ಸ್ಪಷ್ಟವಾಗಿದೆ. ಬದಲಾಗಬಾರದೆಂದು ಬಿಗಿಹಿಡಿದ ಮೈ ಎಷ್ಟೇ ಗಟ್ಟಿಯಾಗಿರಲಿ, ಅದು ಭಯದಿಂದ ಕಟ್ಟಿದ ಕೋಟೆ. ಹೆಮ್ಮೆಯೆಂದು ನಾವು ಕರೆಯುವುದು ಅನೇಕ ವೇಳೆ ನಾಚಿಕೆಯ ಇನ್ನೊಂದು ಮಗ್ಗುಲು.

ಇನ್ನೊಂದು ತುದಿಯಲ್ಲಿ ಅಕ್ಕಮಹಾದೇವಿಯಿದ್ದಾಳೆ. ಉಡುತಡಿಯ ಈ ಹೆಣ್ಣಿನ ಕಥೆಯನ್ನು ಕವಿಗಳು ಒಂದೇ ರೀತಿಯಲ್ಲಿ ಹೇಳಿಲ್ಲ. ಹರಿಹರನ ರಗಳೆಯಲ್ಲಿ ಆಕೆ ಷರತ್ತುಗಳನ್ನು ಮುಂದಿಟ್ಟು ಕೌಶಿಕನ ಕೈಹಿಡಿಯುತ್ತಾಳೆ. ಅವನು ಅವುಗಳನ್ನು ಮುರಿದಾಗ ಅರಮನೆಯನ್ನು ತೊರೆಯುತ್ತಾಳೆ. 15ನೆಯ ಶತಮಾನದ ಚಾಮರಸನು ಆ ಮದುವೆಯನ್ನೇ ಒಪ್ಪುವುದಿಲ್ಲ. ಈ ಭೇದವೇ ಒಂದು ಪಾಠ. ಹೆಣ್ಣಿನ ಮೈ ಯಾರ ಪಾಲಾಗಿತ್ತು ಎಂಬ ಪ್ರಶ್ನೆ ಕವಿಗಳನ್ನೂ ನೆಮ್ಮದಿಯಾಗಿರಲು ಬಿಟ್ಟಿಲ್ಲ. ಉಟ್ಟ ಬಟ್ಟೆಯನ್ನು ಬಿಟ್ಟು, ಕೂದಲನ್ನೇ ಮರೆಮಾಡಿಕೊಂಡು ಕಲ್ಯಾಣಕ್ಕೆ ಬಂದ ಆಕೆಯನ್ನು ಶೂನ್ಯಸಂಪಾದನೆಯ ಅನುಭವಮಂಟಪದಲ್ಲಿ ಪ್ರಭು ತಡೆದು ಕೇಳುತ್ತಾನೆ. ಮೊದಲ ಪ್ರಶ್ನೆ ಆಕೆಯ ಯೌವನವನ್ನು ಕುರಿತದ್ದು, ಆಕೆಯ ಗಂಡನ ಗುರುತನ್ನು ಕುರಿತದ್ದು. ಅಷ್ಟು ದೊಡ್ಡ ಜ್ಞಾನಿಗಳ ಸಭೆಯಲ್ಲಿಯೂ ಹೆಣ್ಣು ಕಾಲಿಟ್ಟೊಡನೆ ಮೊದಲು ಕಾಣಿಸಿದ್ದು ಆಕೆಯ ಮೈಯೇ ಎಂಬುದನ್ನು ಸಂಪಾದನಕಾರರು ಮುಚ್ಚಿಡಲಿಲ್ಲ.

ಬಳಿಕ ಬರುವುದು ಇನ್ನೂ ಕಠಿನವಾದ ಪ್ರಶ್ನೆ. ಬಟ್ಟೆಯ ಹಂಗನ್ನು ತೊರೆದವಳು ಕೂದಲಿನ ಮರೆಯನ್ನೇಕೆ ಹಿಡಿದಿದ್ದೀಯೆ? ಅಂದರೆ, ನಾಚಿಕೆ ನಿನ್ನಲ್ಲಿ ಇನ್ನೂ ಉಳಿದಿದೆಯಲ್ಲವೇ? ಅಕ್ಕ ಕೊಡುವ ಉತ್ತರ ಎರಡು ಹೆಜ್ಜೆಯದು. ಒಳಗಿನ ತಿರುಳು ಪಕ್ವವಾಗದೆ ಹಣ್ಣಿನ ಹೊರಸಿಪ್ಪೆಯ ಬಣ್ಣ ಬದಲಾಗದು ಎಂಬುದು ಮೊದಲನೆಯದು. ತನ್ನ ಮೈಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆನೆಂಬುದು ಎರಡನೆಯದು. ಮೊದಲ ಮಾತಿನಲ್ಲಿ ವಿನಯವಿದೆ: ತಾನು ಎಲ್ಲವನ್ನೂ ಗೆದ್ದವಳೆಂದು ಆಕೆ ಹೇಳಿಕೊಳ್ಳುವುದಿಲ್ಲ. ಎರಡನೆಯ ಮಾತಿನಲ್ಲಿ ಸೂಕ್ಷ್ಮವಾದ ಪೆಟ್ಟಿದೆ. ನಾಚಿಕೆಯನ್ನು ಆಕೆ ತನ್ನ ಮೈಯಿಂದ ಎತ್ತಿ, ನೋಡುವವರ ಕಣ್ಣಿನ ಮೇಲಿರಿಸುತ್ತಾಳೆ. ಮೈಯಲ್ಲಿ ದೋಷವಿಲ್ಲ, ಮುಚ್ಚಿದ್ದು ನೋಡುವವರ ಮೇಲಿನ ಕರುಣೆಯಿಂದ. ಕಾಯ ಕಂದಿ ಕಪ್ಪಾದರೂ ಒಂದೇ, ಮಿಂಚಿ ಹೊಳೆದರೂ ಒಂದೇ, ಒಳಗು ಶುದ್ಧವಾದ ಮೇಲೆ ಅದರ ಗೊಡವೆಯಿಲ್ಲ ಎಂಬ ಅರ್ಥದ ಇನ್ನೊಂದು ವಚನವೂ ಆಕೆಯದಾಗಿ ಬಂದಿದೆ. ಕಡೆಗೆ ಸಭೆ ಆಕೆಗೆ ಕೈಮುಗಿಯುತ್ತದೆ. ಗೋರಕ್ಷನು ಮೈಯನ್ನು ಗಟ್ಟಿಮಾಡಿ ಸೋತ. ಅಕ್ಕ ಮೈ ಮಾಗುವುದನ್ನು ಒಪ್ಪಿ ಗೆದ್ದಳು.

ಗೂಳೂರ ಸಿದ್ಧವೀರಣ್ಣೊಡೆಯರ ಗುರು ತೋಂಟದ ಸಿದ್ಧಲಿಂಗೇಶ್ವರರು. ಅವರ ಗದ್ದುಗೆ ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿದೆ. ಅಲ್ಲಿಗೆ ಸಮೀಪದ ಕಗ್ಗೆರೆಯಲ್ಲಿ, ನಾಗಿನೀ ನದಿಯ ದಡದ ತೋಟವೊಂದರಲ್ಲಿ ಅವರು ತಪಸ್ಸಿಗೆ ಕುಳಿತರೆಂದೂ, ಮೈಯ ಮೇಲೆ ಹುತ್ತ ಬೆಳೆದರೂ ಅವರಿಗೆ ಅರಿವಾಗಲಿಲ್ಲವೆಂದೂ, ಹಸುವೊಂದು ಬಂದು ಆ ಹುತ್ತದ ಮೇಲೆ ಹಾಲು ಕರೆಯುತ್ತಿತ್ತೆಂದೂ ಐತಿಹ್ಯ ಹೇಳುತ್ತದೆ. ‘ತೋಂಟದ’ ಎಂಬ ವಿಶೇಷಣ ಬಂದದ್ದು ಆ ತೋಟದಿಂದಲೇ. ಇಲ್ಲಿ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಮೈಯ ಪರಿವೆಯೇ ಇಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದೇ ನನಗೆ ಮುಖ್ಯವಾಗಿ ತೋರುತ್ತದೆ. ಗುರು ಮರೆತ ಮೈಯನ್ನು ಹಸು ಮರೆಯಲಿಲ್ಲ. ಊರಿನ ಭಕ್ತರೂ ಮರೆಯಲಿಲ್ಲ. ಮಣ್ಣನ್ನು ಬಿಡಿಸಿ ಆ ಮೈಯನ್ನು ಮತ್ತೆ ಬೆಳಕಿಗೆ ತಂದರು. ಮೈಯನ್ನು ಕಡೆಗಣಿಸುವುದು ಸಾಧಕನ ದೊಡ್ಡಸ್ತಿಕೆಯಾದರೂ ಆಗಿರಲಿ, ಅದನ್ನು ಕಾಪಾಡುವುದು ಮನೆಮಂದಿಯ, ಊರಿನವರ ಧರ್ಮ ಎಂದು ಜನಪದರ ಬುದ್ಧಿ ಕಥೆಯೊಳಗೇ ತೀರ್ಪು ಕೊಟ್ಟುಬಿಟ್ಟಿದೆ.

ಇದೇ ಪರಂಪರೆಯ ಇನ್ನೊಂದು ಕೊಂಡಿ ಗುಬ್ಬಿಯಲ್ಲಿದೆ. ಸಿದ್ಧಲಿಂಗೇಶ್ವರರ ಗುರುವೆಂದು ಸಂಪ್ರದಾಯ ಹೇಳುವ ಗೋಸಲ ಚನ್ನಬಸವೇಶ್ವರರ ನೆಲೆ ಅದು. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಅಲ್ಲಿ ನಾಟಕದ ಮಂಡಳಿಯೊಂದನ್ನು ಕಟ್ಟಿದಾಗ, ಹಿಂದೂ ಮುಸಲ್ಮಾನರಿಬ್ಬರೂ ಸೇರಿ ಅದಕ್ಕೆ ಆ ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನೇ ಇಟ್ಟರು. ಮುಂದೆ ಗುಬ್ಬಿ ವೀರಣ್ಣನವರ ಕಂಪನಿಯೆಂದು ಕರ್ನಾಟಕವನ್ನೆಲ್ಲ ಸುತ್ತಿ, ನೆರೆಯ ಆಂಧ್ರ ತಮಿಳುನಾಡುಗಳಲ್ಲಿಯೂ ಹೆಸರಾದದ್ದು ಇದೇ. ಬಾಲನಟನಾಗಿ ಸೇರಿದ ವೀರಣ್ಣನವರು 1917ರಲ್ಲಿ ಒಡೆತನವನ್ನು ವಹಿಸಿಕೊಂಡರು. ಪದ್ಮಶ್ರೀ ಬಂದ 1972ರಲ್ಲಿಯೇ ತೀರಿಕೊಂಡರು. ಗೂಳೂರಿನ ಓಲೆಗರಿಯಲ್ಲಿ ಮೈ ತತ್ತ್ವಚರ್ಚೆಯ ವಿಷಯವಾಗಿತ್ತು. ಗುಬ್ಬಿಯ ರಂಗದ ಮೇಲೆ ಅದು ಅನ್ನದ ದಾರಿಯಾಯಿತು.

ಆ ಕಾಲದ ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಧ್ವನಿವರ್ಧಕವಿಲ್ಲದ ಕಾಲ; ಕೊನೆಯ ಸಾಲಿನ ನೆಲದ ಪ್ರೇಕ್ಷಕನವರೆಗೂ ಕಂದವೃತ್ತಗಳು ಮುಟ್ಟಬೇಕಾಗಿತ್ತು. ಇಂಪಾದ ಎತ್ತರದ ಕಂಠ, ಕೋಮಲವಾದ ಮುಖ, ತೆಳುವಾದ ಮೈಕಟ್ಟು ಇರುವ ಹುಡುಗನಿಗೆ ಕಂಪನಿಯಲ್ಲಿ ಬೆಲೆಯಿತ್ತು. ಆದರೆ ಆ ಬೆಲೆಗೆ ಅವಧಿಯಿತ್ತು. ಹದಿನಾಲ್ಕು ಹದಿನೈದರಲ್ಲಿ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಭುಜ ಅಗಲವಾಗುತ್ತದೆ. ಮನೆಯಲ್ಲಿರುವ ಹುಡುಗನಿಗೆ ಇದು ಬೆಳವಣಿಗೆ. ರಂಗದ ಮೇಲಿನ ಹುಡುಗನಿಗೆ ಇದು ಕೆಲಸ ಹೋಗುವ ಸೂಚನೆ. ನಿನ್ನೆ ಕೈತಟ್ಟಿದ ಜನರೇ ಇಂದು ಒಡೆದ ದನಿಗೆ ನಗುತ್ತಾರೆ. ಕೆಲವರು ಪುರುಷ ಪಾತ್ರಗಳಿಗೆ ಹೊರಳಿದರು. ಕೆಲವರು ಹಾರ್ಮೋನಿಯಂ, ಪರದೆ, ಪ್ರಸಾಧನಗಳ ಕೆಲಸ ಹಿಡಿದರು. ಕೆಲವರು ಊರಿಗೆ ಮರಳಿದರು. ಗುಬ್ಬಿ ಕಂಪನಿಯ ಜನಪ್ರಿಯ ನಾಟಕವಾದ ‘ಸದಾರಮೆ’ಯ ಕಥೆಯಲ್ಲಿ ನಾಯಕಿ ಗಂಡುವೇಷ ತೊಟ್ಟು ತನ್ನನ್ನು ಕಾಪಾಡಿಕೊಳ್ಳುತ್ತಾಳೆ. ಗಂಡಸರು ಹೆಣ್ಣಾಗಿ ಆಡುತ್ತಿದ್ದ ಕಾಲದಲ್ಲಿ ಇಂಥ ಕಥೆಯೆಂದರೆ ಹುಡುಗನೊಬ್ಬ ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ ನಿಲ್ಲುವುದು. ಮೈಯೆಂಬುದು ತೊಟ್ಟು ಬಿಡುವ ವೇಷವೇ, ಅಥವಾ ವೇಷ ಕಳಚಿದ ಮೇಲೂ ಉಳಿಯುವ ಸತ್ಯವೇ ಎಂಬ ಪ್ರಶ್ನೆಯನ್ನು ಅಂಥ ನಟನು ಪ್ರತಿ ರಾತ್ರಿ ಬಣ್ಣ ಒರೆಸಿಕೊಳ್ಳುವಾಗ ಎದುರಿಸಿರಬೇಕು.

ಈ ಸಂಕಟಕ್ಕೆ ಎರಡು ಪ್ರಸಿದ್ಧ ಉದಾಹರಣೆಗಳು ನಮ್ಮ ಉತ್ತರದ ನೆರೆಯಲ್ಲಿವೆ. ಮರಾಠಿಯ ಬಾಲಗಂಧರ್ವರು ಹೆಣ್ಣಿನ ಪಾತ್ರಗಳಿಂದಲೇ ದಂತಕಥೆಯಾದವರು. ಅವರ ಸೀರೆ, ಮುಡಿಗಳನ್ನು ಗೃಹಿಣಿಯರು ಅನುಕರಿಸುತ್ತಿದ್ದರು. ವಯಸ್ಸು ಏರಿತು, ಮೈ ಸ್ಥೂಲವಾಯಿತು, ಸಾಲ ಬೆಳೆಯಿತು. 1935ರ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥರ ಪಾತ್ರ ವಹಿಸಿದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಮತ್ತೆ ರಂಗಕ್ಕೆ, ಮತ್ತೆ ಸೀರೆಗೆ ಮರಳಿದರು. ಮುಂದೆ ಅವರ ಜೊತೆಯಲ್ಲಿ ನಾಯಕಿಯಾಗಿ ನಿಂತವರು ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಗುಜರಾತಿ ರಂಗಭೂಮಿಯ ಜಯಶಂಕರ ‘ಸುಂದರಿ’ಯವರಾದರೋ, ಸ್ತ್ರೀಪಾತ್ರದ ಹೆಸರನ್ನೇ ಬಿರುದಾಗಿ ಪಡೆದವರು, 1932ರಲ್ಲಿ ರಂಗದಿಂದ ಹಿಂದೆ ಸರಿದರು, ವರ್ಷಗಳ ಅನಂತರ ಅಹಮದಾಬಾದಿನಲ್ಲಿ ಎಳೆಯರಿಗೆ ಅಭಿನಯ ಕಲಿಸುವ ಗುರುಗಳಾಗಿ ಮರಳಿಬಂದರು. ಒಬ್ಬರು ಸೋತರು, ಇನ್ನೊಬ್ಬರು ಗೆದ್ದರು ಎಂದು ಹೇಳುವುದು ಅನ್ಯಾಯ. ಜನರು ಪ್ರೀತಿಸಿದ್ದೇ ಆ ಒಂದು ರೂಪವನ್ನಾದರೆ, ಅದನ್ನು ಬಿಟ್ಟುಕೊಡುವುದೆಂದರೆ ಪ್ರೀತಿಯನ್ನೇ ಬಿಟ್ಟುಕೊಟ್ಟಂತೆ. ಅದು ಎಲ್ಲರಿಗೂ ಸಾಧ್ಯವಾಗುವಂಥದಲ್ಲ.

ವೀರಣ್ಣನವರು ತಮ್ಮ ಕಂಪನಿಯಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದು ನಿಲ್ಲಿಸಿದರು. ಕಲೆಯ ದೃಷ್ಟಿಯಿಂದ ಸರಳವಾಗಿ ಕಾಣುವ ಈ ಹೆಜ್ಜೆ ನಾಚಿಕೆಯ ಚರಿತ್ರೆಯಲ್ಲಿ ದೊಡ್ಡದು. ಗಂಡಸು ಸೀರೆಯುಟ್ಟು ಬಳುಕಿದರೆ ಕಲೆಯೆಂದು ಮೆಚ್ಚುತ್ತಿದ್ದ ಸಮಾಜವೇ, ಹೆಂಗಸು ದೀಪದ ಬೆಳಕಿನಲ್ಲಿ ನಿಂತು ಹಾಡಿದರೆ ಮಾನಗೆಟ್ಟವಳೆನ್ನುತ್ತಿತ್ತು. ಕಲ್ಯಾಣದಲ್ಲಿ ಅಕ್ಕನನ್ನು ಕೇಳಿದ ಪ್ರಶ್ನೆಯನ್ನೇ ಊರೂರಿನ ಜನ ನಟಿಯರನ್ನು ಕೇಳುತ್ತಿದ್ದರು: ನಿನ್ನ ಗಂಡ ಯಾರು? ಆ ಪ್ರಶ್ನೆಯನ್ನು ದಾಟಿ ನಿಂತವರಲ್ಲಿ ಸುಂದರಮ್ಮ, ಬಿ. ಜಯಮ್ಮ ಮುಖ್ಯರು. 1915ರಲ್ಲಿ ಹುಟ್ಟಿದ ಜಯಮ್ಮನವರು ಮೂಕಿಚಿತ್ರಗಳ ಕಾಲದಲ್ಲಿಯೇ ಪರದೆಯ ಮೇಲೆ ಕಾಣಿಸಿಕೊಂಡವರು. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ, ಬೆಡಗಿನ ನಟಿಯ ಮೋಹಕ್ಕೆ ಬಿದ್ದ ಗಂಡನನ್ನು ಕಳೆದುಕೊಳ್ಳುವ ಸಾದಾ ಗೃಹಿಣಿಯ ಪಾತ್ರ ಅವರದು. ರಂಗದ ನಾಯಕಿಯೊಬ್ಬಳು ಬೆಡಗಿನ ಎದುರಿಗೆ ಬೆಡಗಿಲ್ಲದವಳಾಗಿ ನಿಲ್ಲಲು ಒಪ್ಪುವುದು ಸಣ್ಣ ಸಂಗತಿಯಲ್ಲ. ಮುಂದೆ ಅವರು ತಾಯಿಯ ಪಾತ್ರಗಳಿಗೆ ಹೊರಳಿದರು, 1988ರಲ್ಲಿ ತೀರಿಕೊಂಡರು. ನಾಯಕಿಯ ಮೈಯಿಂದ ತಾಯಿಯ ಮೈಗೆ ಸಾಗುವ ಆ ದಾರಿಯನ್ನು ಪ್ರೇಕ್ಷಕರೆಲ್ಲರ ಎದುರಿಗೆ ನಡೆಯಬೇಕಾದದ್ದು ನಟಿಯ ಪಾಡು.

ನಾಚಿಕೆಯನ್ನು ನಗೆಯಾಗಿ ಮಾರ್ಪಡಿಸಿದವರ ಮಾತನ್ನೂ ಹೇಳಬೇಕು. ವೀರಣ್ಣನವರೇ ‘ಸದಾರಮೆ’ಯ ಕಳ್ಳನಾಗಿ ನಾಡನ್ನು ನಗಿಸಿದವರು. ತುಮಕೂರು ಜಿಲ್ಲೆಯ ತಿಪಟೂರಿನ ನರಸಿಂಹರಾಜು ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದವರು. ಸಣಕಲು ದೇಹ, ಮುಂಚಾಚಿದ ಹಲ್ಲು. ಬೇರೆಯವನಾಗಿದ್ದರೆ ಬಾಯಿಗೆ ಕೈ ಅಡ್ಡಹಿಡಿದು ಬಾಳನ್ನು ಕಳೆಯುತ್ತಿದ್ದನೇನೋ. ಅವರು ಆ ಹಲ್ಲನ್ನೇ ಬಂಡವಾಳ ಮಾಡಿಕೊಂಡರು. ಕಿವಿ ಕೇಳದಿದ್ದರೂ ವೃತ್ತಿರಂಗಭೂಮಿಯಿಂದ ಬಂದು ನೂರಾರು ಚಿತ್ರಗಳಲ್ಲಿ ಮಾತಿನ ಪಾತ್ರಗಳನ್ನೇ ವಹಿಸಿದ ಟಿ.ಎನ್. ಬಾಲಕೃಷ್ಣ ಇನ್ನೊಬ್ಬರು. ಇವರಿಬ್ಬರೂ ರಾಜಕುಮಾರ್, ಜಿ.ವಿ. ಅಯ್ಯರ್ ಅವರೊಡನೆ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ಹಾಗೆಂದು ಹಾಸ್ಯವೇ ನಾಚಿಕೆಗೆ ಮದ್ದು ಎಂದುಬಿಡಲಾಗದು. ನಟನು ತನ್ನ ಹಲ್ಲನ್ನು ಕುರಿತು ತಾನೇ ನಗಿಸಿದಾಗ ನಗೆಯ ಲಗಾಮು ಅವನ ಕೈಯಲ್ಲಿರುತ್ತದೆ. ನಾಟಕ ಮುಗಿದು ಮನೆಗೆ ಹೋದ ಮೇಲೆ, ಅಂಥದೇ ಹಲ್ಲಿನ ಹುಡುಗನಿಗೆ ಓಣಿಯ ಗೆಳೆಯರು ಆ ನಟನ ಹೆಸರನ್ನಿಟ್ಟು ಕೂಗಿದಾಗ ಲಗಾಮು ಅವನ ಕೈಯಲ್ಲಿರುವುದಿಲ್ಲ. ಒಂದೇ ನಗೆ ರಂಗದ ಮೇಲೆ ಬಿಡುಗಡೆಯಾಗಿ, ಓಣಿಯಲ್ಲಿ ಗಾಯವಾಗಬಲ್ಲದು.

ನಮ್ಮ ಕಾಲದಲ್ಲಿ ರಂಗ ಎಲ್ಲರ ಅಂಗೈಗೂ ಬಂದಿದೆ. ಕೈಯಲ್ಲಿರುವ ಫೋನು ದಿನಕ್ಕೆ ಹತ್ತು ಬಾರಿ ನಮ್ಮ ಮುಖವನ್ನು ನಮಗೇ ತೋರಿಸಿ, ತಿದ್ದಿಕೊಡಲೇ ಎಂದು ಕೇಳುತ್ತದೆ. ಹಿಂದೆ ನಟನೊಬ್ಬನಿಗಿದ್ದ ಸಂಕಟ ಇಂದು ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯದೂ ಆಗಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮು, ಬಿಳುಪೇ ಚೆಲುವೆಂಬ ತನ್ನ ಹೆಸರನ್ನು ಬದಲಿಸಿಕೊಳ್ಳಲು 2020ರವರೆಗೆ ನಲವತ್ತೈದು ವರ್ಷ ಬೇಕಾಯಿತು. ಕಾಯ ಕಪ್ಪಾದರೇನು, ಹೊಳೆದರೇನು ಎಂಬ ವಿವೇಕ ಕನ್ನಡದಲ್ಲಿ ಹುಟ್ಟಿ ಎಂಟು ಶತಮಾನಗಳು ಕಳೆದಿದ್ದರೂ, ಹೆಣ್ಣು ನೋಡಲು ಹೋದವರು ಮನೆಗೆ ಬಂದು ಮೊದಲು ಆಡುವ ಮಾತು ಬಣ್ಣದ್ದೇ.

ಆದರೂ ಬದಲಾಗುವ ಮೈಯನ್ನು ಗೌರವಿಸುವುದು ನಮಗೆ ತಿಳಿಯದ ವಿದ್ಯೆಯೇನಲ್ಲ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಸಾವಿರಾರು ಮಕ್ಕಳು ಆ ಬಾಗಿದ ಬೆನ್ನನ್ನು, ಸುಕ್ಕುಗಟ್ಟಿದ ಕೈಯನ್ನು ಕಣ್ಣಾರೆ ಕಾಣುತ್ತಲೇ ಬೆಳೆದರು. ಆ ಮುಪ್ಪನ್ನು ಯಾರೂ ಮರೆಮಾಡಲಿಲ್ಲ. ಕಂಡವರು ಮುಖ ತಿರುಗಿಸಲೂ ಇಲ್ಲ. ಅದೇ ಸುಕ್ಕು ನಮ್ಮ ಮನೆಯ ಅಜ್ಜಿಯ ಕೈಯ ಮೇಲಿದ್ದಾಗ, ಅದೇ ಬಾಗಿದ ಬೆನ್ನು ಅಡುಗೆಮನೆಯಿಂದ ಮೆಲ್ಲಗೆ ಹೊರಬರುವಾಗ, ನಮ್ಮ ನೋಟ ಹಾಗೆಯೇ ಇರುತ್ತದೆಯೇ? ಮದುವೆಯ ಛಾಯಾಚಿತ್ರಕ್ಕೆ ಆಕೆಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆಯೇ? ಗದ್ದುಗೆಗೆ ಸಲ್ಲುವ ಗೌರವ ಹಿತ್ತಲಿಗೂ ಸಲ್ಲುವವರೆಗೆ ನಾವು ಕಲಿತದ್ದು ಅರ್ಧ ಪಾಠ.

ಗೂಳೂರಿನ ಗಣಪತಿಯ ಮಾತನ್ನು ಆಗಲೇ ಎತ್ತಿದೆನಷ್ಟೆ. ವರ್ಷವರ್ಷವೂ ಅಲ್ಲಿಯ ಜನ ಜೇಡಿಮಣ್ಣಿನಲ್ಲಿ ಆಳೆತ್ತರವನ್ನು ಮೀರಿದ ಮೂರ್ತಿಯನ್ನು ಕಟ್ಟುತ್ತಾರೆ. ಡೊಳ್ಳುಹೊಟ್ಟೆ, ಮುರಿದ ದಂತ, ಮೊರದಗಲದ ಕಿವಿ. ಯಾವ ಕನ್ನಡಿಯೂ ಚೆಲುವೆಂದು ಒಪ್ಪದ ಮೈಯದು. ಅದಕ್ಕೆ ಬಣ್ಣ ಹಚ್ಚಿ, ದಿನಗಟ್ಟಲೆ ಪೂಜಿಸಿ, ಕಡೆಗೆ ಮೆರವಣಿಗೆಯಲ್ಲಿ ಒಯ್ದು ಊರಕೆರೆಯ ನೀರಿಗೆ ಬಿಡುತ್ತಾರೆ. ಕರಗುತ್ತದೆಂದು ತಿಳಿದೂ ಕಟ್ಟುವ ಕೈಗೆ ಬೇಸರವಿಲ್ಲ. ಕಟ್ಟಿದ್ದೆಂದು ಕರಗಿಸುವುದಕ್ಕೆ ಅಂಜಿಕೆಯೂ ಇಲ್ಲ. ಶೂನ್ಯಸಂಪಾದನೆಯನ್ನು ಓದದವರಿಗೂ ಆ ಊರಿನಲ್ಲಿ ಈ ತಿಳಿವಳಿಕೆ ಮೈಗೂಡಿದೆ. ಓದಿದ ನಮಗೆ ಅದು ಇನ್ನೂ ಮೈಗೂಡಬೇಕಾಗಿದೆ.